ಅಡಿಕೆ ಸಂಘದ ಲೆಕ್ಕಕ್ಕೊಂದು ಡೇಟಾ ಕ್ಯಾಟಲಾಗ್: ಪರ್‌ವ್ಯೂ ಬಳಸಿದ ಅನುಭವ

ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ದರಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಇರುತ್ತವೆ. ಸಾಗರದ ಕಡೆ ಹೋದರೆ ಚಾಲಿ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು ಸೇರಿಕೊಳ್ಳುತ್ತವೆ. ಒಂದು ಅಡಿಕೆ ಸಹಕಾರ ಸಂಘದ ದತ್ತಾಂಶವನ್ನು, ಯಾವ ಮಾಹಿತಿ ಎಲ್ಲಿದೆ ಎಂದು ಪಟ್ಟಿ ಮಾಡುವ ಮೈಕ್ರೋಸಾಫ್ಟ್ ಪರ್‌ವ್ಯೂ ಎಂಬ ಸೇವೆಯಲ್ಲಿ ಕ್ಯಾಟಲಾಗ್ ಮಾಡುವಾಗ ಹೆಚ್ಚು ದಿನ ಹಿಡಿದದ್ದು ಈ ಹೆಸರುಗಳನ್ನು ಹೊಂದಿಸುವುದಕ್ಕೇ.

ಪರ್‌ವ್ಯೂ ಇಡೀ ದತ್ತಾಂಶವನ್ನು ಎತ್ತಿಕೊಂಡು ಹೋಗುವುದಿಲ್ಲ. ಯಾವ ಟೇಬಲ್, ಯಾವ ಕಾಲಂ, ಅದರಲ್ಲಿರುವುದು ಎಂಥ ಮಾಹಿತಿ ಎಂಬ ವಿವರವನ್ನಷ್ಟೇ ಇಟ್ಟುಕೊಳ್ಳುತ್ತದೆ. ಕೆಲಸಕ್ಕೆ ಕೈಹಾಕುವ ಮೊದಲೇ ಕಾರ್ಯದರ್ಶಿಗಳಿಗೆ ಇದನ್ನು ಬಿಡಿಸಿ ಹೇಳಬೇಕು. ಸದಸ್ಯರ ಖಾತೆಯೆಲ್ಲ ಹೊರಗೆ ಹೋಗುತ್ತದೆಂಬ ಅಂಜಿಕೆ ಇದ್ದರೆ ಯಾರೂ ಪಾಸ್‌ವರ್ಡ್ ಕೊಡುವುದಿಲ್ಲ.

ಕಲೆಕ್ಷನ್‌ಗಳನ್ನು, ಅಂದರೆ ಕ್ಯಾಟಲಾಗಿನ ವಿವರಗಳನ್ನು ಗುಂಪು ಮಾಡಿ ಅನುಮತಿ ಕೊಡುವ ವಿಭಾಗಗಳನ್ನು, ಶಾಖೆವಾರು ಮಾಡಬೇಡಿ. ತೀರ್ಥಹಳ್ಳಿಗೊಂದು, ಹೊಸನಗರಕ್ಕೊಂದು ಎಂದು ಮಾಡಿದರೆ ನೋಡಲು ಚೆಂದ, ಆದರೆ ಸಾಲದ ಲೆಕ್ಕಕ್ಕೆ ಹೊಣೆಗಾರರು ಎಲ್ಲ ಶಾಖೆಗೂ ಒಬ್ಬರೇ. ನಾನು ಸದಸ್ಯತ್ವ, ಖರೀದಿ, ಸಾಲ ಎಂದು ಮೂರೇ ಇಟ್ಟೆ. ಮೇಲಿನ ಕಲೆಕ್ಷನ್‌ನಲ್ಲಿ ಕೊಟ್ಟ ಅನುಮತಿ ಕೆಳಗಿನವಕ್ಕೂ ಇಳಿಯುವುದರಿಂದ ತುದಿಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಬೇಡ.

ಸಂಘದ ಎಸ್‌ಕ್ಯೂಎಲ್ ಸರ್ವರ್ ಕಚೇರಿಯಲ್ಲೇ ಇದ್ದರೆ ಸೆಲ್ಫ್ ಹೋಸ್ಟೆಡ್ ಇಂಟಿಗ್ರೇಷನ್ ರನ್‌ಟೈಮ್ ಬೇಕು; ಕಚೇರಿಯ ಸರ್ವರ್‌ಗೂ ಪರ್‌ವ್ಯೂಗೂ ಸೇತುವೆಯಾಗುವ ತಂತ್ರಾಂಶ ಇದು. ದತ್ತಾಂಶ ಸಾಗಿಸುವ ಮೈಕ್ರೋಸಾಫ್ಟ್‌ನ ಇನ್ನೊಂದು ಸೇವೆಯಾದ ಡೇಟಾ ಫ್ಯಾಕ್ಟರಿಯ ರನ್‌ಟೈಮ್ ಇರುವ ಯಂತ್ರದಲ್ಲಿ ಇದನ್ನು ಕೂರಿಸುವಂತಿಲ್ಲ, ಬೇರೆ ವಿಂಡೋಸ್ ಯಂತ್ರವೇ ಆಗಬೇಕು. ಸರ್ವರ್‌ನ ಪಾಸ್‌ವರ್ಡನ್ನು ಗುಟ್ಟಿನ ಮಾಹಿತಿ ಕಾಪಿಡುವ ಕೀ ವಾಲ್ಟ್‌ ಸೇವೆಯಲ್ಲಿಟ್ಟು, ಪರ್‌ವ್ಯೂನ ಮ್ಯಾನೇಜ್ಡ್ ಐಡೆಂಟಿಟಿಗೆ (ಸೇವೆಯದೇ ಗುರುತಿನ ಖಾತೆಗೆ) ಅಲ್ಲಿಟ್ಟ ಸೀಕ್ರೆಟ್‌ಗಳ ಮೇಲೆ ಗೆಟ್ ಮತ್ತು ಲಿಸ್ಟ್ ಎರಡೂ ಅನುಮತಿ ಕೊಡಿ. ಸ್ಕ್ಯಾನ್ ಮಾಡುವ, ಅಂದರೆ ಟೇಬಲ್‌ಗಳನ್ನು ಓದಿ ವಿವರ ಕಲೆಹಾಕುವ, ಬಳಕೆದಾರನಿಗೆ ಓದುವ ಹಕ್ಕು ಸಾಕು, ಬರೆಯುವ ಹಕ್ಕು ಕೊಡಲೇಬಾರದು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲು; ಯಂತ್ರ ಆರಿದರೆ ಸ್ಕ್ಯಾನ್ ನಿಂತಿತು. ಯುಪಿಎಸ್ ಹಾಕಿ, ವಿಂಡೋಸ್‌ನ ಸ್ಲೀಪ್ ಆಯ್ಕೆಯನ್ನು ಪೂರ್ತಿ ತೆಗೆದು, ಭಾನುವಾರ ರಾತ್ರಿಗೆ ಸಮಯ ಗೊತ್ತುಮಾಡಿದೆ.

ಇನ್ನು ಸ್ಕ್ಯಾನ್‌ನ ಫಲಿತಾಂಶ. ಆಧಾರ್, ಪ್ಯಾನ್ ಸಂಖ್ಯೆ ಗುರುತಿಸಿ ಆ ಕಾಲಂಗೆ ಗುರುತು ಹಚ್ಚುವ ಕ್ಲಾಸಿಫಿಕೇಷನ್ ಪರ್‌ವ್ಯೂನಲ್ಲೇ ಇದೆ. ಆದರೂ ಶಾಖೆಗಳಿಂದ ಬಂದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಫೈಲ್‌ಗಳಲ್ಲಿ ಆಧಾರ್ ಕಾಲಂ ಸಿಗಲಿಲ್ಲ. ಕಾರಣ ಎಕ್ಸೆಲ್. 12 ಅಂಕಿಯ ಸಂಖ್ಯೆಯನ್ನು ಅದು ಘಾತ ರೂಪಕ್ಕೆ ತಿರುಗಿಸಿ 4.56ಇ+11 ಎಂಬಂತೆ ತೋರಿಸುತ್ತದೆ. ಹಾಗೆಯೇ ಸಿಎಸ್‌ವಿಗೆ ಉಳಿಸಿದರೆ ಉಳಿದ ಅಂಕಿಗಳು ಕಳೆದೇಹೋದವು, ಮತ್ತೆ ಬರುವುದಿಲ್ಲ. ಸರ್ವೆ ನಂಬರಿನ ಕಥೆಯೂ ಇದೇ: 12/3 ಎಂದು ಟೈಪ್ ಮಾಡಿದ್ದು ತಾರೀಖಾಗಿಬಿಡುತ್ತದೆ. ಸರ್ವೆ ನಂಬರಿಗೆ ನಾನು ಬರೆದ ಕಸ್ಟಮ್ ನಿಯಮ, ಅಂಕಿ, ಓರೆಗೆರೆ, ಅಂಕಿ ಎಂಬ ವಿನ್ಯಾಸ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್, ಸರಿಯಾಗಿಯೇ ಇತ್ತು. ಫೈಲ್‌ನಲ್ಲಿ ಓರೆಗೆರೆಯೇ ಉಳಿದಿರಲಿಲ್ಲ. ಟೈಪ್ ಮಾಡುವ ಮೊದಲೇ ಆ ಕಾಲಂಗಳನ್ನು ಟೆಕ್ಸ್ಟ್ ಮಾಡಿಡಬೇಕು. ಮತ್ತೊಂದು ವಿಷಯ, ಇಂಥ ಫೈಲ್‌ಗಳಲ್ಲಿ ಪರ್‌ವ್ಯೂ ನೋಡುವುದು ಮೇಲಿನ 128 ಸಾಲು ಅಥವಾ ಮೊದಲ 1 ಎಂಬಿ, ಯಾವುದು ಕಡಿಮೆಯೋ ಅಷ್ಟೇ. ಹಳೆಯ ಸದಸ್ಯರು ಮೇಲಿದ್ದು ಅವರ ಆಧಾರ್ ಖಾಲಿ ಇದ್ದರೆ, ಕೆಳಗೆ ಸಾವಿರಾರು ಇದ್ದರೂ ಕಾಲಂ ಸಿಗದು. ಕ್ಲಾಸಿಫಿಕೇಷನ್ ಬಿದ್ದಿಲ್ಲ ಎಂದರೆ ವೈಯಕ್ತಿಕ ಮಾಹಿತಿ ಇಲ್ಲ ಎಂದು ಖಂಡಿತ ತಿಳಿಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಆ ನಂಬಿಕೆ ಅಪಾಯ.

ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪಾದ ಹೆಸರುಗಳನ್ನೂ ಗಮನಿಸಿ. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕನ್ನಡ ಅಕ್ಷರ ಹುಡುಕುವ ಯಾವ ನಿಯಮವೂ ಅಲ್ಲಿ ಕೆಲಸ ಮಾಡದು. ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿಯೇ ಮುಂದಕ್ಕೆ ಹೋದೆ.

ಗ್ಲಾಸರಿ, ಅಂದರೆ ಪದಗಳ ಅರ್ಥಕೋಶ, ಬರೆಯಲು ತಕ್ಕಡಿಯ ಬಳಿ ಕೂರುವ ಗುಮಾಸ್ತರೇ ಬೇಕು. ಪ್ರಮಾಣ ಎಂಬ ಒಂದೇ ಹೆಸರಿನ ಕಾಲಂನಲ್ಲಿ ಒಂದು ಕಡೆ ಚೀಲ, ಇನ್ನೊಂದು ಕಡೆ ಕೆಜಿ, ಮತ್ತೊಂದು ಕಡೆ ಕ್ವಿಂಟಾಲ್ ಇತ್ತು. ಅವರ ಜತೆ ಕೂತು ಬರೆದ ಅರ್ಥ ಹೀಗಿದೆ: "ನಿವ್ವಳ ತೂಕ: ಚೀಲದ ತೂಕ ಕಳೆದ ಮೇಲಿನ ತೂಕ, ಕ್ವಿಂಟಾಲ್‌ನಲ್ಲಿ." ಸರಕನ್ನೇ ಹಸ ಎಂದೂ ಬರೆಯುತ್ತಾರೆ, ಅದನ್ನು ಸಮಾನಾರ್ಥಕವಾಗಿ ಸೇರಿಸಿದೆ. ರಾಶಿ ಎಂದರೆ ಇಲ್ಲಿ ಅಡಿಕೆಯ ಒಂದು ಬಗೆ, ಗುಡ್ಡೆಯಲ್ಲ. ಹೊರಗಿನಿಂದ ಬಂದ ಡೇಟಾ ಅನಲಿಸ್ಟ್‌ಗೆ ಇದು ತಿಳಿಯದು, ಹಾಗಾಗಿ ಅದನ್ನೂ ಬಿಡದೆ ಬರೆಯಬೇಕು. ಪದಗಳನ್ನು ಒಟ್ಟಿಗೆ ಸಿಎಸ್‌ವಿಯಿಂದ ಏರಿಸುವಾಗ ಕನ್ನಡ ಅಕ್ಷರ ಉಳಿಸುವ ಯುಟಿಎಫ್-8 ಆಯ್ಕೆಯಲ್ಲೇ ಉಳಿಸಿ, ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಗುಮಾಸ್ತರು ಓದಿ ಒಪ್ಪುವವರೆಗೆ ಪದದ ಸ್ಥಿತಿ ಡ್ರಾಫ್ಟ್ ಆಗಿಯೇ ಇರಲಿ.

ಕ್ಲಾಸಿಫಿಕೇಷನ್ ನಿಯಮ ತಿದ್ದಿದ ಮೇಲೆ ಪೂರ್ಣ ಸ್ಕ್ಯಾನ್ ಓಡಿಸಿ. ಇನ್‌ಕ್ರಿಮೆಂಟಲ್ ಸ್ಕ್ಯಾನ್ ಹಿಂದಿನ ಸಲದಿಂದ ಬದಲಾದ ಫೈಲ್‌ಗಳನ್ನಷ್ಟೇ ನೋಡುವುದರಿಂದ, ಬದಲಾಗದ ಹಳೆಯ ಫೈಲ್‌ಗಳಿಗೆ ಹೊಸ ನಿಯಮ ತಾಗುವುದೇ ಇಲ್ಲ.