ಕನಿಷ್ಠ ವೇತನ ಏರಿದಾಗ ಹೊಸಬರನ್ನು ಉಳಿಸಿಕೊಂಡ ಬಗೆ

ಪುಸ್ತಕಗಳಿಗೆ ರಟ್ಟು ಕಟ್ಟುವ ಸಣ್ಣ ಘಟಕ ನನ್ನದು. ಕನಿಷ್ಠ ವೇತನ ಒಮ್ಮೆಲೇ ಏರಿದ ವರ್ಷ, ಯಾರನ್ನೂ ತೆಗೆಯಬಾರದು, ಬಿಟ್ಟುಹೋದವರ ಜಾಗಕ್ಕೆ ಮಾತ್ರ ಕೆಲಸ ಬಲ್ಲವರನ್ನೇ ಸೇರಿಸಿಕೊಳ್ಳಬೇಕು ಎಂದು ನಿರ್ಧರಿಸಿದೆ. ಯಾರ ಹೊಟ್ಟೆಯ ಮೇಲೂ ಹೊಡೆಯಲಿಲ್ಲವೆಂಬ ಸಮಾಧಾನ ನನಗಿತ್ತು. ಆ ವಾರವೇ ಕೆಲಸ ಕೇಳಿಕೊಂಡು ಬಂದ ಹುಡುಗಿಯೊಬ್ಬಳನ್ನು "ಅನುಭವ ಇದೆಯೇನಮ್ಮಾ?" ಎಂದು ಕೇಳಿದೆ. "ಎಲ್ಲರೂ ಅದನ್ನೇ ಕೇಳುತ್ತಾರೆ ಸರ್. ಯಾರಾದರೂ ಕೊಟ್ಟರಲ್ಲವೇ ಬರುವುದು?" ಎಂದಳು. ಏಟು ಬೀಳುತ್ತಿರುವುದು ಒಳಗಿದ್ದವರಿಗಲ್ಲ, ಬಾಗಿಲಲ್ಲಿ ನಿಂತವರಿಗೆ ಎಂಬುದು ಆಗ ಅರ್ಥವಾಯಿತು.

ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಕನಿಷ್ಠ ವೇತನ ಗಂಟೆಗೆ 4.25ರಿಂದ 5.05 ಡಾಲರಿಗೆ ಏರಿದಾಗ ಫಾಸ್ಟ್ ಫುಡ್ ಅಂಗಡಿಗಳಲ್ಲಿ ಉದ್ಯೋಗ ಕುಸಿಯಲಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ತೋರಿಸಿದ್ದರು. ಆದರೆ ಅಲ್ಲಿನದೇ ಸಿಯಾಟಲ್ ನಗರದಲ್ಲಿ 2015 ಮತ್ತು 2016ರ ಏರಿಕೆಗಳ ಬಳಿಕ, ಏರಿಕೆಯ ಲಾಭದ ಹೆಚ್ಚಿನ ಪಾಲು ಅನುಭವಿಗಳಿಗೆ ಸಿಕ್ಕಿತು, ಹೊಸದಾಗಿ ಕೆಲಸಕ್ಕೆ ಸೇರುವವರು ಕಡಿಮೆಯಾದರು ಎಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ನಾನು ಮಾಡಲು ಹೊರಟಿದ್ದೂ ಅದನ್ನೇ.

ಹುಡುಗಿಯನ್ನು ಸೇರಿಸಿಕೊಂಡೆ. ಹೊಸಬರಿಂದ ನಷ್ಟ ಎಲ್ಲಿ ಆಗುತ್ತದೆಂದು ಪಕ್ಕದಲ್ಲಿ ನಿಂತು ನೋಡಿದೆ. ಹಳಬರು ಹಾಳೆಗಳ ಕಟ್ಟನ್ನು ತುಸು ಬಾಗಿಸಿ, ನಡುವೆ ಗಾಳಿಯಾಡಿಸಿ, ಆಮೇಲೆ ಮೇಜಿನ ಮೇಲೆ ತಟ್ಟಿ ಅಂಚು ಸಮ ಮಾಡುತ್ತಾರೆ. ಅವಳು ಗಾಳಿಯಾಡಿಸದೆ ತಟ್ಟುತ್ತಿದ್ದಳು. ಹಾಳೆಗಳು ಅಂಟಿಕೊಂಡು ಕತ್ತರಿಸುವಾಗ ಓರೆಯಾಗುತ್ತಿದ್ದವು. ಯಾರೂ ಹೇಳಿಕೊಟ್ಟಿರಲಿಲ್ಲ! ಹೊಸಬರು ಮೂರು ತಿಂಗಳು ಕಸ ಗುಡಿಸುತ್ತ, ಕಟ್ಟು ಹೊರುತ್ತ, ನೋಡಿಯೇ ಕಲಿಯಬೇಕೆಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಗ್ಗದ ಕೂಲಿ ಆ ಸೋಮಾರಿತನವನ್ನು ಮುಚ್ಚಿಟ್ಟಿತ್ತು.

ಅದೇ ಹೊತ್ತಿಗೆ ಹಳೆಯ ಕೆಲಸಗಾರರೊಬ್ಬರು, "ನಿನ್ನೆ ಬಂದವಳಿಗೂ ನನಗೂ ಕೂಲಿಯಲ್ಲಿ ಇಷ್ಟೇ ವ್ಯತ್ಯಾಸವೇ?" ಎಂದು ನೊಂದುಕೊಂಡರು. ನ್ಯಾಯವಾದ ಮಾತು. ಅವರಿಗೆ ಕಲಿಸುವ ಭತ್ಯೆ ಗೊತ್ತುಮಾಡಿದೆ: ದಿನದ ಮೊದಲ ಎರಡು ಗಂಟೆ ಹೊಸಬರ ಪಕ್ಕದಲ್ಲೇ ಕೂರಬೇಕು, ವಾರಕ್ಕೊಂದೇ ಕೆಲಸ ಕಲಿಸಬೇಕು. ಹೊಸಬರ ಗಂಟೆಗಳನ್ನು ಕಡಿತ ಮಾಡಲಿಲ್ಲ. ಗಂಟೆ ಕಡಿತವಾದರೆ ಕಲಿಕೆಯೂ ಕಡಿತವಾಗುತ್ತದೆ. ಗ್ರಾಹಕರಿಗೆ ದರವನ್ನು ಸ್ವಲ್ಪ ಏರಿಸಿದೆ.

ಆರು ವಾರಗಳಲ್ಲಿ ಅವಳ ಕೈ ಪಳಗಿತು. ನಡುವೆ ಬಿಟ್ಟುಹೋಗುವವರೂ ಕಡಿಮೆಯಾದರು. ಆದರೂ ಲೆಕ್ಕ ಪೂರ್ತಿ ಸರಿಹೊಂದಲಿಲ್ಲ. ಮೊದಲು ಒಟ್ಟಿಗೆ ಇಬ್ಬರು ಹೊಸಬರು ಇರುತ್ತಿದ್ದರು, ಈಗ ಒಬ್ಬರಿಗೆ ಮಾತ್ರ ಜಾಗ. ಎರಡನೆಯ ಮೇಜು ಇನ್ನೂ ಖಾಲಿಯಿದೆ.