ಈಜಿದ ಮೇಲೆ ಕಿವಿ ನೋವಾ? ಎಣ್ಣೆ ಬಿಡಬೇಡಿ

ಹೋದ ಬೇಸಿಗೆ ರಜೆಯಲ್ಲಿ ನನ್ನ ಮಗ ದಾವಣಗೆರೆಯಲ್ಲಿ ಈಜು ಕಲಿಯೋಕೆ ಸೇರಿದ. ಎರಡನೇ ವಾರ ಕಿವಿ ಹಿಡಿದುಕೊಂಡು ಅಳುತ್ತಾ ಬಂದ. ಕಿವಿ ತೂತಿನ ಮುಂದಿರುವ ಪುಟ್ಟ ಉಬ್ಬನ್ನು ಮೆಲ್ಲಗೆ ಒತ್ತಿದೆ, ಚೀರಿಬಿಟ್ಟ. ಹೀಗೆ ಒತ್ತಿದರೆ, ಹಾಲೆ ಎಳೆದರೆ ನೋವು ಜಾಸ್ತಿಯಾದರೆ ಅದು ಹೊರಗಿವಿಯ ಸೋಂಕು ಇರಬಹುದು. ನೀರು ಒಳಗೇ ನಿಂತು ಚರ್ಮ ಮೆತ್ತಗಾಗುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ನಮ್ಮತ್ತೆ ಬೆಳ್ಳುಳ್ಳಿ ಎಣ್ಣೆ ಕಾಯಿಸೋಕೆ ಹೊರಟರು. 'ಬೇಡ ಅತ್ತೆ, ಕಿವಿ ಒಳಗಿನ ತಮಟೆ ತೂತಾಗಿದ್ದರೆ ಕಷ್ಟ' ಅಂದೆ. ಡಾಕ್ಟರು ನೋಡಿ ಡ್ರಾಪ್ಸ್ ಕೊಟ್ಟರು. ತಣ್ಣಗಿನ ಡ್ರಾಪ್ಸ್ ಬಿಟ್ಟರೆ ತಲೆ ಸುತ್ತಬಹುದು. ಅದಕ್ಕೆ ಬಾಟಲಿಯನ್ನು ಎರಡು ನಿಮಿಷ ಅಂಗೈಯಲ್ಲಿ ಹಿಡಿದಿರಿ. ಮಗುವನ್ನು ಮಗ್ಗುಲಾಗಿ ಮಲಗಿಸಿ ಡ್ರಾಪ್ಸ್ ಹಾಕಿ, ಐದು ನಿಮಿಷ ಏಳಿಸಬೇಡಿ. 7ರಿಂದ 10 ದಿನ ಈಜು ಬೇಡ. ಸ್ನಾನದಲ್ಲೂ ಕಿವಿಗೆ ನೀರು ಹೋಗಬಾರದು.

ಈಗ ಅವನು ನೀರಿನಿಂದ ಎದ್ದ ಕೂಡಲೇ ತಲೆ ವಾಲಿಸಿ, ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ನೀರು ಇಳಿಸುತ್ತಾನೆ. ಆಮೇಲೆ ಟವೆಲ್‌ನಲ್ಲಿ ಹೊರಗಷ್ಟೇ ಒರೆಸುತ್ತಾನೆ. ಬಡ್ಸ್, ಪಿನ್ನು ಒಳಗೆ ಹಾಕಲೇಬೇಡಿ, ಚರ್ಮ ಗೀಚಿದರೆ ಸೋಂಕಿಗೆ ದಾರಿ. ಈಜುವಾಗ ಕಣ್ಣು ಉರಿಯದಿರಲು ಈಜು ಕನ್ನಡಕ ಹಾಕಿಸಿದರೆ ಸಾಕು.

ಈಜಿನ ಮಾತು ಬಂತಲ್ಲ, ಇನ್ನು ನಮ್ಮ ಭದ್ರಾ ಚಾನಲ್, ಅಂದರೆ ಕಾಲುವೆ. ಸೆಳೆತ ಮೇಲೆ ಕಾಣಲ್ಲ, ದಯವಿಟ್ಟು ಮಕ್ಕಳನ್ನು ಅಲ್ಲಿ ಇಳಿಸಬೇಡಿ.

ಜ್ವರ, ಕೀವು, ಕಿವಿ ಹಿಂದೆ ಊತ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು ಬರೀ ನೋವಿದ್ದರೂ ಕಾಯಬೇಡಿ.