ಕೊವೆಂಟ್ರಿಯ ಕಾರಿಗೆ ಡಬ್ಲಿನ್ ನಂಬರು

2023ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ಬಿಟ್ಟು ಐರ್ಲೆಂಡಿನ ಡಬ್ಲಿನ್‌ಗೆ ಹೊರಟಾಗ ಮನೆ ಸಾಮಾನು ಅರ್ಧ ಮಾರಿದೆವು, ಉಳಿದದ್ದರಲ್ಲಿ ಅರ್ಧ ಹಂಚಿದೆವು. ಕಾರು ಮಾರಲು ಮಾತ್ರ ಮನಸ್ಸು ಬರಲಿಲ್ಲ. 2018ರ ಟೊಯೋಟಾ ಯಾರಿಸ್, ನಮ್ಮ ಕೈಗೆ ಬಂದು ಮೂರು ವರ್ಷ. ಒಂದು ದಿನವೂ ಕೈಕೊಟ್ಟಿರಲಿಲ್ಲ. ಅಲ್ಲೂ ಇಲ್ಲೂ ಸ್ಟೀರಿಂಗ್ ಬಲಕ್ಕೇ. ವೇಲ್ಸ್‌ನ ಹಾಲಿಹೆಡ್ ಬಂದರಿನಲ್ಲಿ ಹಡಗು ಹತ್ತಿಸಿದರೆ ಮೂರೂಕಾಲು ಗಂಟೆಯಲ್ಲಿ ಡಬ್ಲಿನ್. ಇಷ್ಟೇ ತಾನೇ ಅಂದುಕೊಂಡಿದ್ದೆ.

ಹಡಗಿನ ಭಾಗ ನಿಜಕ್ಕೂ ಅಷ್ಟೇ. ಕಾರು ಐರ್ಲೆಂಡಿನ ನೆಲ ಮುಟ್ಟಿದ ಏಳು ದಿನದೊಳಗೆ ತಪಾಸಣೆಗೆ ಅಪಾಯಿಂಟ್‌ಮೆಂಟ್ ತಗೋಬೇಕು, ಮೂವತ್ತು ದಿನದೊಳಗೆ ನೋಂದಣಿ ಮುಗಿಯಬೇಕು. ಮುಗಿಸುವಾಗ ಕಟ್ಟಬೇಕಾದದ್ದು ವಿಆರ್‌ಟಿ, ಅಂದರೆ ವೆಹಿಕಲ್ ರಿಜಿಸ್ಟ್ರೇಷನ್ ಟ್ಯಾಕ್ಸ್. ನಾವು ಎಷ್ಟಕ್ಕೆ ಕೊಂಡೆವು ಅನ್ನೋದು ಅವರಿಗೆ ಬೇಕಿಲ್ಲ. ಅಂಥ ಕಾರು ಐರ್ಲೆಂಡಿನ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ತೆರಿಗೆ ಇಲಾಖೆಯಾದ ರೆವೆನ್ಯೂ ತಾನೇ ಒಂದು ಬೆಲೆ ಕಟ್ಟುತ್ತದೆ. ಅದರ ಮೇಲೆ ಇಂಗಾಲದ ಹೊಗೆಗೆ ತಕ್ಕ ಶೇಕಡಾವಾರು ತೆರಿಗೆ. ಸಾಲದ್ದಕ್ಕೆ ನೈಟ್ರೋಜನ್ ಆಕ್ಸೈಡಿಗೆ ಬೇರೆ ಲೆಕ್ಕ: ಮೊದಲ 40 ಮಿಲಿಗ್ರಾಂವರೆಗೆ ಮಿಲಿಗ್ರಾಂಗೆ 5 ಯೂರೋ, ಮುಂದಿನ 40ಕ್ಕೆ 15, ಅಲ್ಲಿಂದಾಚೆಗೆ 25. ಕಿಲೋಮೀಟರಿಗೆ 60 ಮಿಲಿಗ್ರಾಂ ಉಗುಳುವ ಡೀಸೆಲ್ ಕಾರಾದರೆ ಇದೊಂದಕ್ಕೇ 500 ಯೂರೋ. ಬ್ರೆಕ್ಸಿಟ್ ಆದಮೇಲೆ ಇಂಗ್ಲೆಂಡಿನಿಂದ ತಂದ ಕಾರು ಹೊರದೇಶದ ಮಾಲೇ ಆದ್ದರಿಂದ ಕಸ್ಟಮ್ಸ್ ಮತ್ತು ಶೇ. 23ರ ವ್ಯಾಟ್ ಕೂಡ ತಲೆ ಮೇಲೆ ಕೂರುತ್ತವೆ. ಇದೆಲ್ಲ ಕೂಡಿಸಿ ನೋಡಿದಾಗ ನನ್ನಾಕೆ ಕೇಳಿದ ಪ್ರಶ್ನೆ: "ರೀ, ಇಷ್ಟು ಕೊಟ್ಟು ನಮ್ಮ ಕಾರನ್ನೇ ನಾವು ಮತ್ತೆ ಕೊಂಡುಕೊಳ್ಳೋದಾ?"

ದಾರಿ ಇತ್ತು. ವಾಸವನ್ನೇ ಬದಲಾಯಿಸಿ ಬರುವವರಿಗೆ 'ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್' ಎಂಬ ವಿಆರ್‌ಟಿ ವಿನಾಯಿತಿ ಇದೆ. ಬರುವುದಕ್ಕೆ ಮುಂಚೆ ಕನಿಷ್ಠ ಆರು ತಿಂಗಳು ಕಾರು ನಮ್ಮದಾಗಿದ್ದು ನಾವೇ ಓಡಿಸಿರಬೇಕು, ಬಂದು ನೋಂದಾಯಿಸಿದ ಮೇಲೆ ಹನ್ನೆರಡು ತಿಂಗಳು ಮಾರುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ, ಎರವಲು ಕೊಡುವಂತೆಯೂ ಇಲ್ಲ. ಕಸ್ಟಮ್ಸ್, ವ್ಯಾಟ್ ವಿನಾಯಿತಿಗೆ ಬೇರೆ ಅರ್ಜಿ. ಒಂದು ಸಿಕ್ಕರೆ ಇನ್ನೊಂದು ತಾನಾಗೇ ಬಂತು ಎಂದು ಯಾರೂ ತಿಳಿಯಬೇಡಿ. ವಿನಾಯಿತಿ ಇದ್ದರೂ ಕಸ್ಟಮ್ಸ್ ಡಿಕ್ಲರೇಷನ್ ಹಾಕಲೇಬೇಕು, ಆ ಡಿಕ್ಲರೇಷನ್ನಿನ ಗುರುತಿನ ಸಂಖ್ಯೆಯಾದ ಎಂಆರ್‌ಎನ್ ಕೈಯಲ್ಲಿರಬೇಕು. ಆ ಫಾರಂ ನನ್ನ ಬುದ್ಧಿಗೆ ನಿಲುಕಲಿಲ್ಲ, ಏಜೆಂಟರಿಗೆ ದುಡ್ಡು ಕೊಟ್ಟು ಕೈತೊಳೆದುಕೊಂಡೆ.

ಕಾಗದ ಜೋಡಿಸಲು ಕೂತಾಗ ಒಂದು ವಿಷಯ ಅರ್ಥವಾಯಿತು. ಕಾರಿನ ಬಗ್ಗೆ ಅವರು ಕೇಳಿದ್ದು ಬಹಳ ಕಮ್ಮಿ. ವಿ5ಸಿ ಎಂಬ ಬ್ರಿಟಿಷ್ ನೋಂದಣಿ ಪತ್ರ (ನಾವು ಆರ್‌ಸಿ ಅನ್ನುತ್ತೇವಲ್ಲ, ಅದೇ), ಕೊಂಡ ರಸೀದಿ, ಇನ್ಶೂರೆನ್ಸ್, ಅಷ್ಟೇ. ಮಿಕ್ಕದ್ದೆಲ್ಲ ನನ್ನ ಬಗ್ಗೆ. ನೀನು ಅಲ್ಲಿ ಬದುಕಿದ್ದಕ್ಕೆ ಏನು ಗುರುತು? ಬಿಟ್ಟು ಬಂದದ್ದಕ್ಕೆ ಏನು ಗುರುತು? ಇಲ್ಲಿ ನೆಲೆ ನಿಂತದ್ದಕ್ಕೆ? ಅಲ್ಲಿನ ಕರೆಂಟ್ ಬಿಲ್ಲು, ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆಯ ಬಿಲ್ಲು, ಕೆಲಸ ಬಿಟ್ಟಾಗ ಕೊಡುವ ಪಿ45, ಮನೆ ಖಾಲಿ ಮಾಡಿದ ಪತ್ರ, ಹಡಗಿನ ಟಿಕೆಟ್. ಇಲ್ಲಿನ ಬಾಡಿಗೆ ಕರಾರು, ಕಂಪನಿಯ ಪತ್ರ, ಪಿಪಿಎಸ್ ನಂಬರು (ನಮ್ಮ ಆಧಾರ್ ಇದ್ದ ಹಾಗೆ). ಹೊರಡುವ ವಾರ ನಾನು ಕಸದ ಚೀಲಕ್ಕೆ ತುಂಬಿದ್ದ ಹಳೇ ಬಿಲ್ಲುಗಳನ್ನು ನನ್ನಾಕೆ ಹೆಕ್ಕಿ ತೆಗೆದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ಆಗ ನಕ್ಕಿದ್ದೆ. ಆ ಡಬ್ಬಿಯೇ ನನ್ನ ಅರ್ಜಿಯ ಮುಕ್ಕಾಲು ಪಾಲು.

ಎಡವಿದ್ದು ಹೆಸರಿನಲ್ಲಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಹೆಸರಿಗೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಎರಡನ್ನೂ ಬಿಡಿಸಿ ಬರೆದು, ಸರ್‌ನೇಮ್ ಜಾಗಕ್ಕೆ 'ಚನ್ನಗಿರಿ' ಹಾಕಿದ್ದೆ. ವಿ5ಸಿಯಲ್ಲಿ ಬರೀ ಇನಿಷಿಯಲ್. ಕರೆಂಟಿನವರು ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿದ್ದರು. ಕಾಗದದ ಮೇಲೆ ನಾವು ಮೂವರು, ಕಾರು ಒಂದು! ಅರ್ಜಿ ವಿವರಣೆ ಕೇಳಿ ವಾಪಸ್ ಬಂತು. ಸಾಲಿಸಿಟರ್ ಒಬ್ಬರ ಮುಂದೆ ಮೂರು ಹೆಸರೂ ಒಬ್ಬನದೇ ಎಂದು ಪ್ರಮಾಣ ಮಾಡಿ ಸಹಿ ಹಾಕಿ, ಹಳೇ ಕಂಪನಿಯಿಂದಲೂ ಒಂದು ಪತ್ರ ತರಿಸಿ ಲಗತ್ತಿಸಿದೆ. ಫೋನಿನಲ್ಲಿ ಅಪ್ಪನಿಗೆ ಹೇಳಿದರೆ, "ಅಲ್ವೋ, ನಮ್ಮ ಆರ್‌ಟಿಓ ಮುಂದೆ ಯಾರಾದ್ರೂ ಬ್ರೋಕರ್ ಕೈಗೆ ಕೊಟ್ಟಿದ್ರೆ ಸಾಯಂಕಾಲದೊಳಗೆ ಮುಗೀತಿತ್ತು" ಅಂದರು. ಹೊರಡುವವರಿಗೆ ನನ್ನದೊಂದೇ ಮಾತು: ಅಲ್ಲಿರುವಾಗಲೇ ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ತಿದ್ದಿಸಿಕೊಳ್ಳಿ. ಆಮೇಲೆ ಸಮುದ್ರದಾಚೆಯಿಂದ ತಿದ್ದಿಸುವುದು ಪ್ರಾಣಸಂಕಟ.

ವಿನಾಯಿತಿ ಪತ್ರ ಕೈಗೆ ಬಂದಮೇಲೆ ಉಳಿದದ್ದು ತಪಾಸಣೆ. ಇದು ನಡೆಯುವುದು ಎನ್‌ಸಿಟಿ ಕೇಂದ್ರದಲ್ಲಿ. ಎನ್‌ಸಿಟಿ ಎಂದರೆ ಕಾರಿನ ಫಿಟ್‌ನೆಸ್ ಪರೀಕ್ಷೆ, ನಾಲ್ಕು ವರ್ಷ ದಾಟಿದ ಕಾರಿಗೆ ಕಡ್ಡಾಯ. ನೋಂದಣಿ ತಪಾಸಣೆಯೂ ಅದೇ ಕಟ್ಟಡದಲ್ಲೇ ಆದರೂ ಎರಡೂ ಬೇರೆ ಬೇರೆ, ದಿನ ಬೇರೆ. ನೋಂದಣಿಯಲ್ಲಿ ಬ್ರೇಕು ಟೈರು ಯಾರೂ ನೋಡಲಿಲ್ಲ. ಕಾಗದದಲ್ಲಿರುವ ಕಾರು ಇದೇನಾ ಅಂತಷ್ಟೇ ನೋಡಿದರು. ಪರೀಕ್ಷಕ ಮಹಾಶಯ ಮುಂದಿನ ಸೀಟಿನ ಹತ್ತಿರ ಕಾರ್ಪೆಟ್ಟಿನ ಸೀಳನ್ನು ಎತ್ತಿ ಟಾರ್ಚ್ ಬಿಟ್ಟ. ಚಾಸಿ ನಂಬರ್ ಕೊರೆದ ತಗಡಿನ ಮೇಲೆ ಯಾವ ಕಾಲದ್ದೋ ಅರ್ಧ ಕೋಡುಬಳೆ! ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಅಂಗೈಗೆ ಕೊಟ್ಟು, ಏನೂ ಆಗದವನಂತೆ ನಂಬರ್ ಓದಿಕೊಂಡ.

ಆಮೇಲೆ ಓಡೋಮೀಟರು. ಪರದೆ ಮೇಲೆ 31 ಸಾವಿರ ಚಿಲ್ಲರೆ. "ಇದು ಮೈಲಿ, ಕಿಲೋಮೀಟರ್ ಅಲ್ಲ" ಎಂದು ನಾನಾಗಿಯೇ ಹೇಳಿ ಅವನು ಹಾಗೇ ಬರೆದುಕೊಳ್ಳುವವರೆಗೂ ಪಕ್ಕದಲ್ಲೇ ನಿಂತೆ. ಐರ್ಲೆಂಡಿನ ರಸ್ತೆಗಳು 2005ರಿಂದ ಕಿಲೋಮೀಟರಿನಲ್ಲಿವೆ. ಇಲ್ಲಿ ಒಂದು ಅಕ್ಷರ ತಪ್ಪಿದರೆ ಮುಂದೆ ಮಾರುವಾಗ ಮೀಟರ್ ತಿರುಗಿಸಿದ ಕಳ್ಳನಾಗುವುದು ನಾನೇ.

ಕಾರಿನ ಹೊಸ ನಂಬರು 182-ಡಿ ಎಂದು ಶುರುವಾಗುತ್ತದೆ. ಬ್ರಿಟಿಷ್ ಪ್ಲೇಟಿನಲ್ಲಿ ಅದು 68. ಎರಡೂ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: 182 ಅಂದರೆ 2018ರ ಎರಡನೇ ಅರ್ಧದಲ್ಲಿ ಮೊದಲ ನೋಂದಣಿ ಆದ ಕಾರು, 68 ಅಂದರೆ 2018ರ ಸೆಪ್ಟೆಂಬರಿನಿಂದ 2019ರ ಫೆಬ್ರವರಿಯೊಳಗೆ ಆದದ್ದು. ಹೊಸ ಪ್ಲೇಟನ್ನು ಮೂರು ದಿನದೊಳಗೆ ಹಾಕಿಸಬೇಕು. ಅದರ ಮೇಲೆ ಡಬ್ಲಿನ್ನಿನ ಹೆಸರು ಐರಿಷ್ ನುಡಿಯಲ್ಲಿ ಸಣ್ಣಗೆ ಬರೆದಿರುತ್ತದೆ, ಕಾನೂನೇ ಹಾಗೆ. ಪ್ಲೇಟಿನ ಮೇಲೆ ಅಕ್ಕರೆಯಿಂದ ಕನ್ನಡ ಅಂಕಿ ಬರೆಸಿಕೊಂಡು ದಂಡ ಕಟ್ಟಿದ ನಮ್ಮ ಗೆಳೆಯರು ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯಿತು.

ಇನ್ನೊಂದು ಕೆಲಸ ಅನೇಕರು ಮರೆಯುತ್ತಾರೆ. ಕಾರು ಕಾಯಮ್ಮಾಗಿ ದೇಶ ಬಿಟ್ಟಿತೆಂದು ವಿ5ಸಿಯ ರಫ್ತಿನ ಭಾಗವನ್ನು ತುಂಬಿ ಸ್ವಾನ್ಸಿಯಲ್ಲಿರುವ ಬ್ರಿಟಿಷ್ ವಾಹನ ನೋಂದಣಿ ಕಚೇರಿ ಡಿವಿಎಲ್‌ಎಗೆ ಕಳಿಸಬೇಕು. ಕಳಿಸಿದರೆ ಬಾಕಿ ತಿಂಗಳುಗಳ ರಸ್ತೆ ತೆರಿಗೆಯೂ ವಾಪಸ್ ಬರುತ್ತದೆ.

ಇಲ್ಲಿನ ಮೋಟರ್ ಟ್ಯಾಕ್ಸ್ ಕಟ್ಟಿದ ಮೇಲೆ ಕ್ಲೇರ್ ಕೌಂಟಿಯ ಶ್ಯಾನನ್‌ನಿಂದ ಅಂಚೆಯಲ್ಲಿ ಹೊಸ ಆರ್‌ಸಿ ಬಂತು. ಮೊದಲು ನೋಡಿದ್ದು ಹೆಸರು, ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇತ್ತು. ಆಮೇಲೆ ತೆರಿಗೆ ಕಟ್ಟುವ ನೆನಪೋಲೆ ಬಂದಾಗ ನನ್ನಾಕೆ ಲಕೋಟೆ ತಂದು ಮೇಜಿನ ಮೇಲಿಟ್ಟು, "ನಿಮ್ಮೂರಿಗೆ ಕಾಗದ ಬಂದಿದೆ ನೋಡಿ" ಅಂದಳು. ಮೇಲೆ ಬರೆದಿತ್ತು: ಮಿಸ್ಟರ್ ಚನ್ನಗಿರಿ.